ಸಂಗಮದ ನೀರು ಎಲ್ಲಿಗೆ ಹೋಗುತ್ತೆ?

ಬೆಳಿಗ್ಗೆ ಅಮ್ಮನ ಜೊತೆ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗಿದ್ದೆ. ಅಮ್ಮ ನೀರಿಗೆ ಹೂವು ಬಿಟ್ಟು, "ಇದು ಎಲ್ಲಿವರೆಗೂ ಹೋಗುತ್ತೋ ಏನೋ" ಅಂದರು. ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಈ ಕಾವೇರಿ ತಮಿಳುನಾಡಿನಲ್ಲಿ ಕವಲೊಡೆದು, ಅದರಲ್ಲೊಂದು ಕವಲು ಕೊಳ್ಳಿಡಂ ಎಂಬ ಹೆಸರಿನಲ್ಲಿ ಪಿಚಾವರಂ ಕಾಂಡ್ಲಾ ಕಾಡಿನ ಹತ್ತಿರ ಕಡಲು ಸೇರುತ್ತದೆ. ಕಾಂಡ್ಲಾ ಅಂದರೆ ಮ್ಯಾಂಗ್ರೋವ್, ಉಪ್ಪು ನೀರು, ಸಿಹಿ ನೀರು ಬೆರೆಯುವ ಕಡೆ ಬೆಳೆಯುವ ಮರಗಳು. ಹಿಂದೆ ಅಲ್ಲಿ ಕಾಡನ್ನು ಪಟ್ಟಿ ಪಟ್ಟಿಯಾಗಿ ಬೋಳಾಗುವಂತೆ ಕಡಿದಿದ್ದರು. ನೆಲ ಒಣಗಿ ಕುಸಿಯಿತು. ಉಬ್ಬರದ ನೀರು ಬಂದು ಅಲ್ಲೇ ನಿಂತು, ಉಪ್ಪು ಜಾಸ್ತಿಯಾಗಿ, ಗಿಡ ಮತ್ತೆ ಏಳಲೇ ಇಲ್ಲ.

1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ, ಅರಣ್ಯ ಇಲಾಖೆ, ಸುತ್ತಲಿನ ಹಳ್ಳಿಯವರು ಒಟ್ಟಿಗೆ ಕೂತು ಕೆಲಸ ಶುರು ಮಾಡಿದರು. ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿದರು. ನೀರು ಬಂದು ಹೋಗತೊಡಗಿತು, ಸಸಿ ಹಿಡಿಯಿತು. 2004ರ ಸುನಾಮಿಯಲ್ಲಿ ಆ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಿಗೆ ಪೆಟ್ಟು ಕಡಿಮೆ ಬಿತ್ತು.

ನನಗೆ ತುಂಬಾ ಹಿಡಿಸಿದ್ದು ಆ ಕಾಲುವೆ. ನಾಲೆಗೆ ನೀರು ಬಿಟ್ಟ ದಿನದ ಖುಷಿ ಮಂಡ್ಯದವರಿಗೆ ಗೊತ್ತಲ್ವಾ? ನಮಗೆ ಭತ್ತಕ್ಕೆ, ಅವರಿಗೆ ಕಾಡಿಗೆ. ಕಡಲು ಏರುತ್ತಿರುವ ಈ ಕಾಲದಲ್ಲಿ ದಡಕ್ಕೆ ಕಲ್ಲು ಸುರಿಯುವ ಮುಂಚೆ ಇಂಥದ್ದನ್ನು ನೋಡಬೇಕು ಅನ್ನಿಸುತ್ತದೆ. ನಮ್ಮ ಕುಮಟಾ ಕಡೆಯ ಅಘನಾಶಿನಿ ಅಳಿವೆಯಲ್ಲೂ ಕಾಂಡ್ಲಾ ಇದೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಪಿಚಾವರಂ ಫೋಟೊ ತೋರಿಸಿದೆ. "ನಮ್ಮ ನೀರು ಇಲ್ಲಿಗಾ?" ಅಂತ ತುಂಬಾ ಹೊತ್ತು ನೋಡುತ್ತಾ ಕೂತರು.