ಜೆಸಿಬಿ ಗೇರ್‌ಬಾಕ್ಸ್ ಕಟ್ಟುವಾಗ ಕನ್ವರ್ಟರ್ ಬಿಟ್ಟರೆ ಕೆಲಸ ಎರಡು ಸಲ

ಮಂಡ್ಯ ಕಡೆ ಕಬ್ಬಿನ ಲಾರಿ, ಟ್ರ್ಯಾಕ್ಟರ್‌ಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೈಗಳಿಗೆ ಬರವಿಲ್ಲ. ಅವುಗಳಲ್ಲಿ ಹೆಚ್ಚಾಗಿ ಇರುವುದು ಕಾಲಲ್ಲಿ ಒತ್ತುವ ಒಣ ಕ್ಲಚ್. ಬ್ಯಾಕ್‌ಹೋ ಲೋಡರ್, ಅಂದರೆ ಯಾವ ಕಂಪನಿಯದಾದರೂ ಊರಲ್ಲಿ ಜೆಸಿಬಿ ಅಂತಲೇ ಕರೆಸಿಕೊಳ್ಳುವ ಮಷಿನ್, ಹಾಗಲ್ಲ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ, ಅಂದರೆ ಆಯಿಲ್ ಹರಿವಿನಿಂದಲೇ ಎಂಜಿನ್‌ನ ಶಕ್ತಿಯನ್ನು ದಾಟಿಸುವ ಭಾಗ. ಮುಂದಕ್ಕೆ ಹೋಗಲೊಂದು, ಹಿಂದಕ್ಕೆ ಹೋಗಲೊಂದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಯಾಕ್, ಅಂದರೆ ಪ್ಲೇಟ್‌ಗಳ ಕಟ್ಟು ಇದೆ. ಎಲ್ಲಕ್ಕೂ ಒಂದೇ ಆಯಿಲ್, ಒಂದೇ ಕೂಲರ್. ಆದ್ದರಿಂದ "ಪ್ಲೇಟ್ ಹೋಗಿದೆ, ಅದೊಂದು ಹಾಕಿಕೊಡಿ" ಅಂದರೆ ನಡೆಯುವುದಿಲ್ಲ. ಸುಟ್ಟ ಪ್ಲೇಟಿನ ಪುಡಿ ಕನ್ವರ್ಟರ್ ಒಳಗೂ ಕೂಲರ್ ಒಳಗೂ ಕೂತಿರುತ್ತದೆ. ಹೊಸ ಪ್ಲೇಟ್ ಹಾಕಿ ಸ್ಟಾರ್ಟ್ ಮಾಡಿದ ಮೊದಲ ಗಂಟೆಯಲ್ಲೇ ಆ ಪುಡಿ ವಾಪಸ್ ಬರುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಗೇಜ್ ಹಿಡಿಯಬೇಕು. "ಬಿಸಿಯಾದ ಮೇಲೆ ಎಳೆಯಲ್ಲ" ಅನ್ನುವ ದೂರಿಗೆ ಐದಾರು ಕಾರಣಗಳಿವೆ. ಬಿಚ್ಚಿ ಟೇಬಲ್ ಮೇಲೆ ಹರಡಿಕೊಂಡ ಮೇಲೆ ಅವು ಯಾವುದೂ ತಾನಾಗಿ ಬಾಯಿ ಬಿಡುವುದಿಲ್ಲ. ಮೊದಲು ಆಯಿಲ್ ಕೆಲಸದ ಬಿಸಿಗೆ ಬರಲಿ, ಸುಮಾರು 80 ಡಿಗ್ರಿ. ಪ್ರೆಶರ್ ಪೋರ್ಟ್‌ಗೆ ಗೇಜ್ ಹಾಕಿ ನ್ಯೂಟ್ರಲ್, ಫಾರ್ವರ್ಡ್, ರಿವರ್ಸ್ ಮೂರರಲ್ಲೂ ಅಳತೆ ಬರೆದುಕೊಳ್ಳಿ. ಮೂರರಲ್ಲೂ ಕಡಿಮೆ ಇದ್ದರೆ ಸ್ಟ್ರೈನರ್ (ಆಯಿಲ್ ಸೋಸುವ ಜಾಲರಿ), ಪಂಪ್ ಅಥವಾ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ನೋಡಿ. ಫಾರ್ವರ್ಡ್ ಹಾಕಿದಾಗ ಮಾತ್ರ ಬಿದ್ದರೆ ಆ ಕ್ಲಚ್‌ನ ಪಿಸ್ಟನ್ ಸೀಲ್ ಅಥವಾ ಶಾಫ್ಟ್ ಮೇಲಿನ ಸೀಲಿಂಗ್ ರಿಂಗ್ ಸೋರುತ್ತಿದೆ ಅಂತ ಲೆಕ್ಕ.

ಆಮೇಲೆ ಸ್ಟಾಲ್ ಟೆಸ್ಟ್, ಅಂದರೆ ಚಕ್ರ ಹಿಡಿದಿಟ್ಟು ಎಂಜಿನ್ ಎಷ್ಟು ಆರ್‌ಪಿಎಂಗೆ ಏರುತ್ತದೆ ಅಂತ ನೋಡುವುದು. ಮಷಿನ್ ಮುಂದೆ ಹಿಂದೆ ಒಬ್ಬರೂ ನಿಲ್ಲಬಾರದು. ಎರಡೂ ಬ್ರೇಕ್ ಪೆಡಲ್ ಲಾಕ್ ಮಾಡಿ, ಮೇಲಿನ ಗೇರ್ ಹಾಕಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ನೋಡಿ. ಹತ್ತು ಸೆಕೆಂಡ್‌ಗಿಂತ ಹೆಚ್ಚು ಹಿಡಿಯಬೇಡಿ. ಚಕ್ರ ತಿರುಗದಿರುವಾಗ ಎಂಜಿನ್‌ನ ಶಕ್ತಿಯೆಲ್ಲ ಆಯಿಲ್‌ನಲ್ಲಿ ಬಿಸಿಯಾಗಿ ಸೇರುತ್ತದೆ. ಕೂಡಲೇ ನ್ಯೂಟ್ರಲ್‌ಗೆ ಹಾಕಿ ಒಂದೆರಡು ನಿಮಿಷ ಅರ್ಧ ಆಕ್ಸಿಲರೇಟರ್‌ನಲ್ಲಿ ಓಡಿಸಿ ಆರಲು ಬಿಡಿ. ಬಂದ ಅಂಕಿ ಮಷಿನ್‌ನ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಿದ್ದರೆ ಕ್ಲಚ್ ಸ್ಲಿಪ್ ಹೊಡೆಯುತ್ತಿದೆ, ಇಲ್ಲವೇ ಆಯಿಲ್ ಕಡಿಮೆಯಾಗಿ ಗಾಳಿ ಸೇರಿದೆ. ಕಡಿಮೆಯಿದ್ದರೆ ಎಂಜಿನ್ ಸೊರಗಿದೆ ಅಥವಾ ಕನ್ವರ್ಟರ್‌ನ ನಡುವಿನ ಚಕ್ರ, ಸ್ಟೇಟರ್, ಹೋಗಿದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಹೈಡ್ರಾಲಿಕ್ ಲಿವರ್ ಎಳೆದು ಅದರ ರಿಲೀಫ್ ವಾಲ್ವ್ ತೆರೆಯುವ ತನಕ ಹಿಡಿಯಿರಿ. ಅಲ್ಲೂ ಆರ್‌ಪಿಎಂ ವಿಪರೀತ ಕುಸಿದರೆ ದೋಷ ಎಂಜಿನ್‌ದು, ಡೀಸೆಲ್ ಫಿಲ್ಟರ್‌ನಿಂದ ಶುರುಮಾಡಿ. ಹೈಡ್ರಾಲಿಕ್ ಸರಿಯಿದ್ದು ಎಳೆತ ಮಾತ್ರ ಇಲ್ಲದಿದ್ದರೆ ಸ್ಟೇಟರ್ ಮೇಲೆ ಅನುಮಾನ ಇಡಿ.

ಬಿಚ್ಚುವಾಗ ಜೀವಕ್ಕೆ ಸಂಬಂಧಿಸಿದ ಒಂದು ಮಾತು. ಈ ಮಷಿನ್‌ಗಳಲ್ಲಿ ಪಾರ್ಕಿಂಗ್ ಬ್ರೇಕ್ ಸಾಮಾನ್ಯವಾಗಿ ಗೇರ್‌ಬಾಕ್ಸ್‌ನ ಔಟ್‌ಪುಟ್ ಕಡೆ ಇರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣ ಚಕ್ರಕ್ಕೆ ಹಿಡಿತವೇ ಇಲ್ಲ. ಬಕೆಟ್ ಎರಡನ್ನೂ ನೆಲಕ್ಕೂರಿ, ನಾಲ್ಕೂ ಚಕ್ರಕ್ಕೆ ಉರುಳದಂತೆ ಅಡ್ಡ ಕೊಟ್ಟು, ಆಮೇಲೆ ಕೆಳಗೆ ನುಗ್ಗಿ. ಇದರಲ್ಲಿ ರಿಯಾಯಿತಿ ಇಲ್ಲ.

ಡ್ರೈನ್ ಮಾಡಿದ ಆಯಿಲ್‌ನಲ್ಲಿ ಅರ್ಧ ಕಥೆ ಇರುತ್ತದೆ. ಬಿಳಿ ಬಟ್ಟೆ ಮೇಲೆ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿಯಿರಿ. ಕಪ್ಪಗೆ, ಸುಟ್ಟ ವಾಸನೆಯ ಮೆತ್ತನೆ ಮಸಿ ಬಂದರೆ ಪ್ಲೇಟಿನ ಲೈನಿಂಗ್, ಅಂದರೆ ಹಿಡಿತ ಕೊಡುವ ಮೇಲ್ಪದರ. ಹಳದಿ ಹೊಳಪು ಬಂದರೆ ಗೇರ್ ಸರಾಗವಾಗಿ ಬೀಳಲು ಇರುವ ಸಿಂಕ್ರೋ ರಿಂಗ್ ಅಥವಾ ಬುಶ್. ಬೆಳ್ಳಿಯಂಥ ಪುಡಿ ಬಂದು ಅದು ಮ್ಯಾಗ್ನೆಟ್‌ಗೆ ಅಂಟದಿದ್ದರೆ ಅಲ್ಯೂಮಿನಿಯಂ, ಕನ್ವರ್ಟರ್ ಒಳಗಿನ ಚಕ್ರಗಳು ಒಂದಕ್ಕೊಂದು ತಾಗುತ್ತಿವೆ. ಆಯಿಲ್ ಹಾಲು ಬೆರೆಸಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು. ರೇಡಿಯೇಟರ್ ಜೊತೆಗಿರುವ ಕೂಲರ್ ಒಳಗೇ ಒಡೆದಿರಬಹುದು. ನಮ್ಮ ಕಡೆ ಇನ್ನೊಂದು ದಾರಿಯೂ ಇದೆ: ವಿಶ್ವೇಶ್ವರಯ್ಯ ನಾಲೆಯಲ್ಲೋ ಕೆರೆಯಲ್ಲೋ ಹೂಳು ತೆಗೆಯುವಾಗ ಮಷಿನ್ ನೀರಲ್ಲಿ ನಿಂತು ಬ್ರೀದರ್ (ಗಾಳಿಯಾಡುವ ತೂತು) ಮೂಲಕ ನೀರು ಕುಡಿಯುತ್ತದೆ. ನೀರು ಸೇರಿದ ಗೇರ್‌ಬಾಕ್ಸ್‌ನಲ್ಲಿ ಪ್ಲೇಟ್ ನೋಡಲು ಚೆನ್ನಾಗಿದ್ದರೂ ಬಿಡಬೇಡಿ, ಪೂರ್ತಿ ಸೆಟ್ ಬದಲಿಸಿ. ಲೈನಿಂಗ್ ನೀರು ಹೀರಿ ಅಂಟು ಬಿಟ್ಟಿರುತ್ತದೆ.

ಕ್ಲಚ್ ಪ್ಯಾಕ್ ಕಟ್ಟುವುದು ಕಷ್ಟದ ಕೆಲಸವಲ್ಲ, ಅವಸರ ಒಂದು ಬೇಡ. ಹೊಸ ಲೈನಿಂಗ್ ಪ್ಲೇಟ್‌ಗಳನ್ನು ಗೇರ್‌ಬಾಕ್ಸ್‌ಗೆ ತುಂಬುವ ಆಯಿಲ್‌ನಲ್ಲೇ ಕನಿಷ್ಠ ಅರ್ಧ ಗಂಟೆ ನೆನೆಸಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಒಣ ಪ್ಲೇಟ್ ಮೊದಲ ಸಲ ಹಿಡಿದಾಗಲೇ ಸುಡುತ್ತದೆ. ನೀಲಿ ಕಲೆ ಬಿದ್ದ ಸ್ಟೀಲ್ ಪ್ಲೇಟ್ ಮತ್ತೆ ಬಳಸಬೇಡಿ. ಪಿಸ್ಟನ್ ಸೀಲ್‌ನ ತುಟಿ ಆಯಿಲ್ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ಕಟ್ಟಿ ಮುಗಿದ ಮೇಲೆ ಆಯಿಲ್ ತೂತಿಗೆ ಸುಮಾರು 3 ಬಾರ್ ಗಾಳಿ ಕೊಡಿ. ಪಿಸ್ಟನ್ "ಠಪ್" ಅಂತ ಹಿಡಿದು ನಿಲ್ಲಬೇಕು, ಬುಸ್ ಅಂತ ಗಾಳಿ ಹೋಗುತ್ತಲೇ ಇದ್ದರೆ ಮತ್ತೆ ಬಿಚ್ಚಿ. ಒರೆಸಲು ಕಾಟನ್ ವೇಸ್ಟ್ ಮಾತ್ರ ಬೇಡ. ಅದರ ಒಂದು ಎಳೆ ಸಾಕು, ವಾಲ್ವ್‌ನ ಒಳಗೆ ಜಾರುವ ಸ್ಪೂಲ್ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಕನ್ವರ್ಟರ್. ಒಳಗೆ ಮೂರು ಚಕ್ರ: ಎಂಜಿನ್ ತಿರುಗಿಸುವ ಇಂಪೆಲ್ಲರ್, ಗೇರ್‌ಬಾಕ್ಸ್ ತಿರುಗಿಸುವ ಟರ್ಬೈನ್, ನಡುವೆ ಸ್ಟೇಟರ್. ಮಷಿನ್ ನಿಂತಲ್ಲಿಂದ ಹೊರಡುವಾಗ ಎಂಜಿನ್‌ನ ಟಾರ್ಕ್ ಎರಡರಿಂದ ಮೂರು ಪಟ್ಟಾಗುವುದು ಸ್ಟೇಟರ್‌ನಿಂದ. ಅದು ಒಂದು ಕಡೆಗೆ ಮಾತ್ರ ತಿರುಗಬೇಕು. ಬೆರಳನ್ನು ಒಳಗಿನ ಹಲ್ಲುಗಳಿಗೆ, ಅಂದರೆ ಸ್ಪ್ಲೈನ್‌ಗೆ ಒತ್ತಿ ತಿರುಗಿಸಿ ನೋಡಿ: ಒಂದು ಕಡೆ ಸರಾಗ, ಇನ್ನೊಂದು ಕಡೆ ಗಟ್ಟಿ. ಎರಡೂ ಕಡೆ ತಿರುಗಿದರೆ ಮಷಿನ್ ಮಣ್ಣಿಗೆ ನುಗ್ಗುವುದಿಲ್ಲ, ಖಾಲಿ ರಸ್ತೆಯಲ್ಲಿ ಮಾತ್ರ ಚೆನ್ನಾಗಿ ಓಡುತ್ತದೆ. ಎರಡೂ ಕಡೆ ಜಾಮ್ ಆಗಿದ್ದರೆ ಎಳೆತ ಇರುತ್ತದೆ, ರಸ್ತೆಯಲ್ಲಿ ವೇಗ ಬರದೆ ಬಿಸಿಯಾಗುತ್ತದೆ.

ಬದಲಿಸುವಾಗ ಬೋಲ್ಟ್ ತೂತು ಕೂತಿತು ಅಂತ ಕೊಳ್ಳಬೇಡಿ. ಒಂದೇ ಮಾಡೆಲ್ ಹೆಸರಿನ ಮಷಿನ್‌ಗೆ ಎಂಜಿನ್ ಬೇರೆ ಬಂದಿದ್ದರೆ ಕನ್ವರ್ಟರ್ ಬೇರೆ ಇರಬಹುದು. ಅದೇ ಆರ್‌ಪಿಎಂನಲ್ಲಿ ಕನ್ವರ್ಟರ್ ಹೀರುವ ಟಾರ್ಕ್ ಅದರ ವ್ಯಾಸದ ಐದನೇ ಘಾತದಂತೆ ಏರುತ್ತದೆ. ವ್ಯಾಸ ಶೇ. 10ರಷ್ಟು ಹೆಚ್ಚಿದರೆ ಹೊರೆ ಸುಮಾರು 1.6 ಪಟ್ಟು. ವ್ಯಾಸ ಒಂದೇ ಇದ್ದರೂ ಒಳಗಿನ ಬ್ಲೇಡಿನ ಕೋನ ಬೇರೆಯಿದ್ದರೆ ಲೆಕ್ಕ ಬದಲಾಗುತ್ತದೆ. ಸ್ಟಾಲ್ ಆರ್‌ಪಿಎಂ ತೀರಾ ಹೆಚ್ಚಿರುವ ಸಡಿಲ ಕನ್ವರ್ಟರ್ ಹಾಕಿದರೆ ಎಂಜಿನ್ ಕೂಗುತ್ತದೆ, ಮಷಿನ್ ಕದಲುವುದಿಲ್ಲ, ಆಯಿಲ್ ಕುದಿಯುತ್ತದೆ. ತೀರಾ ಬಿಗಿಯಾದದ್ದು ಹಾಕಿದರೆ ತೊಂದರೆ ಬೇರೆ, ಇದನ್ನು ರಸ್ತೆ ಗಾಡಿಯ ಲೆಕ್ಕದಲ್ಲಿ ನೋಡಿದರೆ ತಿಳಿಯುವುದಿಲ್ಲ. ಇದೇ ಎಂಜಿನ್ ಹೈಡ್ರಾಲಿಕ್ ಪಂಪನ್ನೂ ತಿರುಗಿಸಬೇಕು. ಮಣ್ಣಿನ ಗುಡ್ಡೆಗೆ ನುಗ್ಗುತ್ತಲೇ ಬಕೆಟ್ ಎತ್ತಿದಾಗ ಎರಡು ಹೊರೆಯೂ ಒಟ್ಟಿಗೆ ಬೀಳುತ್ತದೆ. ಆಗ ಆರ್‌ಪಿಎಂ ಎಂಜಿನ್‌ನ ಗರಿಷ್ಠ ಟಾರ್ಕ್ ಸಿಗುವ ಮಟ್ಟಕ್ಕಿಂತ ಕೆಳಗಿಳಿದರೆ ಕಪ್ಪು ಹೊಗೆ ಬಿಟ್ಟು ಎಂಜಿನ್ ಆಫ್. ಎಂಜಿನ್ ನಂಬರ್, ಗೇರ್‌ಬಾಕ್ಸ್ ಪ್ಲೇಟ್ ಮೇಲಿನ ನಂಬರ್ ಎರಡನ್ನೂ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿಯೇ ತರಿಸಿ.

ಹಳೆಯದನ್ನೇ ಉಳಿಸಿಕೊಳ್ಳುವುದಾದರೆ, ಬೋಲ್ಟ್ ಹಾಕಿದ್ದನ್ನು ಬಿಚ್ಚಿ ತೊಳೆಯಬಹುದು. ವೆಲ್ಡ್ ಮಾಡಿದ್ದನ್ನು ಡೀಸೆಲ್ ಹಾಕಿ ಅಲ್ಲಾಡಿಸಿ ಬಗ್ಗಿಸಿದರೆ ಕ್ಲೀನ್ ಆಗುವುದಿಲ್ಲ. ಪ್ಲೇಟ್ ಸುಟ್ಟ ಕೇಸ್ ಆದರೆ ಅದನ್ನು ಬದಲಿಸುವುದೇ ಸರಿ. ದುಡ್ಡು ನೋವೆನಿಸುತ್ತದೆ, ಗೊತ್ತು. ಎರಡನೇ ಸಲ ಗೇರ್‌ಬಾಕ್ಸ್ ಇಳಿಸುವ ಖರ್ಚು ಅದಕ್ಕಿಂತ ದೊಡ್ಡದು.

ಕೂರಿಸುವ ಮೊದಲು ಕನ್ವರ್ಟರ್ ಒಳಗೆ ಒಂದೆರಡು ಲೀಟರ್ ಆಯಿಲ್ ತುಂಬಿ, ಪಂಪ್ ಒಣಗಿ ತಿರುಗದಿರಲಿ. ಮೆಲ್ಲಗೆ ತಿರುಗಿಸುತ್ತಾ ಒಳಗೆ ತಳ್ಳಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಕೂರುತ್ತದೆ: ಟರ್ಬೈನ್ ಸ್ಪ್ಲೈನ್, ಸ್ಟೇಟರ್ ಸ್ಪ್ಲೈನ್, ಕೊನೆಗೆ ಪಂಪ್ ಡ್ರೈವ್. ಕೊನೆಯ "ಟಕ್" ಕೇಳದೆ ಎಂಜಿನ್‌ಗೆ ಜೋಡಿಸಬೇಡಿ. ಬಿಚ್ಚುವಾಗಲೇ ಹೌಸಿಂಗ್ ಅಂಚಿಗೆ ಸ್ಕೇಲ್ ಇಟ್ಟು ಕನ್ವರ್ಟರ್ ಎಷ್ಟು ಆಳದಲ್ಲಿತ್ತು ಅಂತ ವರ್ನಿಯರ್‌ನಲ್ಲಿ ಅಳೆದುಕೊಂಡಿದ್ದರೆ ಈಗ ಕೆಲಸಕ್ಕೆ ಬರುತ್ತದೆ. ಹೌಸಿಂಗ್‌ನ ಎರಡು ಮುಖ ಕೈಯಿಂದಲೇ ಸೇರಬೇಕು. ಬೋಲ್ಟ್ ಬಿಗಿದು ಎಳೆಯಬೇಕಾಗಿ ಬಂತು ಅಂದರೆ ನಿಲ್ಲಿಸಿ, ಇನ್ನೊಂದು ಸುತ್ತು ಬಿಗಿದರೆ ಪಂಪ್ ಒಡೆಯುತ್ತದೆ.

ಕೂಲರ್‌ಗೆ ಆಯಿಲ್ ಬರುವ ದಿಕ್ಕಿಗೆ ಉಲ್ಟಾ ದಿಕ್ಕಿನಲ್ಲಿ ಡೀಸೆಲ್, ಆಮೇಲೆ ಗಾಳಿ ಹೊಡೆಯಿರಿ. ಹೋಸ್‌ಗಳನ್ನು ಕಣ್ಣಿಗಿಟ್ಟು ಒಳಗೆ ಬೆಳಕು ಬಿಟ್ಟು ನೋಡಿ. ಹೊರಗೆ ಹೊಸದರಂತಿದ್ದರೂ ಒಳಗಿನ ರಬ್ಬರ್ ಪದರ ಎದ್ದು ಬಾಗಿಲಿನಂತೆ ಮುಚ್ಚಿಕೊಳ್ಳುವುದುಂಟು. ಎರಡು ಗಂಟೆ ಚೆನ್ನಾಗಿ ನಡೆದು ಆಮೇಲೆ ಎಳೆಯದ ಮಷಿನ್‌ಗಳಲ್ಲಿ ಈ ಹೋಸನ್ನು ಮರೆಯಬೇಡಿ.

ಆಪರೇಟರ್‌ಗೆ ಮಷಿನ್ ಕೊಡುವಾಗ ಎರಡು ಮಾತು ಹೇಳಿ. ಮುಂದೆ ಹೋಗುತ್ತಿರುವಾಗಲೇ ರಿವರ್ಸ್ ಎಳೆಯಬೇಡ, ಆಕ್ಸಿಲರೇಟರ್ ಬಿಟ್ಟು ನಿಲ್ಲಿಸಿ ಎಳಿ. ಏರಿನಲ್ಲಿ ಮೇಲಿನ ಗೇರ್‌ನಲ್ಲಿ ತಿಣುಕಿಸಬೇಡ, ಗೇರ್ ಇಳಿಸು. 50 ಗಂಟೆ ಕೆಲಸವಾದ ಮೇಲೆ ಫಿಲ್ಟರ್ ತೆಗೆದು, ಡಬ್ಬಿ ಕತ್ತರಿಸಿ, ಪೇಪರ್ ಮಡಿಕೆಗಳನ್ನು ಬಿಡಿಸಿ ನೋಡಿ. ಸಣ್ಣ ಬೂದಿಯಂಥ ಪುಡಿ ಇದ್ದರೆ ಪರವಾಗಿಲ್ಲ. ಚೂರುಗಳು ಸಿಕ್ಕರೆ ಮಷಿನನ್ನು ಅವತ್ತೇ ಕೆಲಸದಿಂದ ನಿಲ್ಲಿಸಿ ಮತ್ತೆ ಗೇಜ್ ಹಾಕಿ.