ಚಾಂದೋರಿಗೆ ಹೋದರೆ ಪೂರ್ವದ ಬಾಗಿಲನ್ನೂ ತಟ್ಟಿ

ದಕ್ಷಿಣ ಗೋವಾದ ಚಾಂದೋರಿನಲ್ಲಿರುವ, ಪೋರ್ಚುಗೀಸರ ಕಾಲದ ಬ್ರಗಾಂಜಾ ಮನೆಗೆ ನಾನು ಎರಡು ಸಲ ಹೋಗಬೇಕಾಯಿತು. ಹೊರಗಿನಿಂದ ಅದು ಒಂದೇ ಉದ್ದನೆಯ ಮನೆ, ಮುಂಭಾಗದಲ್ಲೇ 24 ಕಿಟಕಿ. ಒಳಗೆ ಪಾಲಾಗಿದೆ. ಪಶ್ಚಿಮದ ಪಾಲು ಮೆನೆಜಿಸ್ ಬ್ರಗಾಂಜಾ ಕುಟುಂಬದ್ದು, ಪೂರ್ವದ್ದು ಬ್ರಗಾಂಜಾ ಪೆರೇರಾ ಕುಟುಂಬದ್ದು. ನಾನು ನೋಡಬೇಕೆಂದು ಹೋಗಿದ್ದ ಮನೆತನದ ಚಾಪೆಲ್, ಅಂದರೆ ಮನೆಯೊಳಗಿನ ಪ್ರಾರ್ಥನೆಯ ಕೋಣೆ, ಇರುವುದು ಪೂರ್ವದಲ್ಲಿ. ಮಡಗಾಂವಿನಿಂದ ಕರೆತಂದ ಟ್ಯಾಕ್ಸಿಯವನು ಪಶ್ಚಿಮದ ಪಾಲು ನೋಡಿ ಹೊರಬರುತ್ತಿದ್ದಂತೆ "ಆ ಕಡೆಯೂ ಇದೇ ಸಾರ್" ಎಂದು ಹೊರಡಿಸಿಬಿಟ್ಟ. ಕಾದಿದ್ದಕ್ಕೆ ಬೇರೆ ದುಡ್ಡು ಕಿತ್ತ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಎರಡನೇ ಸಲ ಹುಬ್ಬಳ್ಳಿಯಿಂದ ರಾತ್ರಿ ಬಸ್ಸು. ಮಡಗಾಂವಿಗೆಂದು ಟಿಕೆಟ್ ಕೊಟ್ಟವರು ನಸುಕಿನ ನಾಲ್ಕಕ್ಕೆ ಫೋಂಡಾದಲ್ಲಿ ಇಳಿಸಿ ಹೋದರು. ಹತ್ತುವ ಮೊದಲೇ ಬಸ್ಸು ಎಲ್ಲಿಯವರೆಗೆ ಎಂದು ಡ್ರೈವರನ್ನೇ ಕೇಳಿಕೊಳ್ಳಿ. ಆ ಬೆಳಗನ್ನು ಉಳಿಸಿದ್ದು ಮಡಗಾಂವ್ ಮಾರ್ಕೆಟ್ ಸಂದಿಯ ಒಂದು ಪುಟ್ಟ ಹೋಟೆಲು. ಬಿಸಿ ಪಾವ್, ತೆಂಗಿನಕಾಯಿ ಮಸಾಲೆಯ ಪಾತಳ್ ಭಾಜಿ, ನಮ್ಮ ಮಂಗಳೂರು ಬನ್ಸಿನಂಥದ್ದೇ ಸಿಹಿ ಬನ್ಸು. ಖಾಲಿಯಾದ ಬಟ್ಟಲಿಗೆ ಕೇಳದೆಯೇ ಇನ್ನೊಂದು ಸೌಟು ಭಾಜಿ ಸುರಿದರು. ಮೀನು ಮಾರುವ ಹೆಂಗಸರೂ ಹಮಾಲರೂ ಅದೇ ಬೆಂಚಿನಲ್ಲಿ ಕೂತು ತಿನ್ನುತ್ತಿದ್ದರು. ಎರಡು ಚಹಾ ಸೇರಿ ನೂರು ರೂಪಾಯಿ ದಾಟಲಿಲ್ಲ. ಅಲ್ಲಿಂದ ಚಾಂದೋರ್ ಸುಮಾರು 13 ಕಿ.ಮೀ., ಲೋಕಲ್ ಬಸ್ಸು ಸಾಕು. ಟ್ಯಾಕ್ಸಿಗೆ ಕೊಟ್ಟಿದ್ದರ ಹತ್ತನೇ ಒಂದು ಪಾಲೂ ಆಗಲಿಲ್ಲ.

ಈ ಮನೆಯ ನೃತ್ಯದ ಹಾಲ್ ದೊಡ್ಡದು: ಅಮೃತಶಿಲೆಯ ನೆಲ, ಬೆಲ್ಜಿಯಂ ಗಾಜಿನ ತೂಗುದೀಪಗಳು, ಪೋರ್ಚುಗಲ್ಲಿನ ದೊರೆ ದೋಂ ಲುಯಿಸ್ ಕೊಟ್ಟ ಎತ್ತರ ಬೆನ್ನಿನ ಜೋಡಿ ಕುರ್ಚಿ. ಇದನ್ನೆಲ್ಲ ಕಂಡಮೇಲೆ ಚಾಪೆಲ್ಲೂ ಅಷ್ಟೇ ಭಾರಿ ಇರಬೇಕೆಂದುಕೊಂಡಿದ್ದೆ. ಅದು ಚಿಕ್ಕ ಕೋಣೆ, ನಮ್ಮ ಕಡೆಯ ಹಳೇ ವಾಡೆಗಳ ದೇವರ ಮನೆಯ ಹಾಗೆ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಆಲ್ತಾರ್ (ಪ್ರಾರ್ಥನೆಯ ಪೀಠ) ನೋಡಿದವರಿಗೆ ಈ ಆಪ್ತತೆ ಗೊತ್ತು. ಅವರಲ್ಲಿ ಬಹುಪಾಲು ಹಿರಿಯರು ಗೋವೆಯಿಂದಲೇ ಬಂದವರು. ಬರೋಕ್ ಶೈಲಿಯ ಪೀಠ. ಬಹುಕಾಲ ಬ್ಯಾಂಕ್ ಲಾಕರಿನಲ್ಲಿದ್ದು ಮನೆಗೆ ಮರಳಿದ, ವಜ್ರ ಕೂರಿಸಿದ, ಹದಿನಾರನೇ ಶತಮಾನದ ಪಾದ್ರಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಉಗುರು ಇಲ್ಲಿಯ ನಿಧಿ. ಹಳೇ ಗೋವಾದ ಬೋಂ ಜೀಸಸ್ ಬೆಸಿಲಿಕಾದಲ್ಲಿರುವ ಅವರ ದೇಹವನ್ನು ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕಿಡುತ್ತಾರೆ, ಕಳೆದ ಸಲ 2024ರ ನವೆಂಬರಿನಲ್ಲಿ ಶುರುವಾಯಿತು. ಆ ಜನಜಂಗುಳಿ ನನ್ನಿಂದಾಗದು. ಇಲ್ಲಿ ನಾನೊಬ್ಬನೇ ಕೈಕಟ್ಟಿ ನಿಂತಿದ್ದೆ.

ಟಿಕೆಟ್ ಕೌಂಟರ್ ಇಲ್ಲ. ಜನ ವಾಸವಿರುವ ಮನೆ, ನಿರ್ವಹಣೆಗೆಂದು ಎರಡೂ ಕಡೆ ಬೇರೆ ಬೇರೆ ಕೊಡಬೇಕು, ಕೈಬಿಚ್ಚಿ ಕೊಡಿ. ಫೋಟೊ ತೆಗೆಯುವ ಮೊದಲು ಕೇಳಿ.

ಸಮಯ ಉಳಿದರೆ ಊರಿನಲ್ಲೇ ಇರುವ ತಲೆಯಿಲ್ಲದ ನಂದಿಯನ್ನೂ ನೋಡಿ ಬನ್ನಿ. ಗೋವೆಯ ಕದಂಬರು ರಾಜಧಾನಿಯನ್ನು ಗೋಪಕಪಟ್ಟಣಕ್ಕೆ (ಇಂದಿನ ಗೋವಾ ವೆಲ್ಹಾ) ಒಯ್ಯುವ ಮುಂಚೆ ಆಳಿದ ಚಂದ್ರಪುರ ಇದೇ ಚಾಂದೋರ್.