ಪ್ಯಾನ್ ಸುತ್ತ ಹಸಿರು ಇರಲಿಲ್ಲ

ಕಳೆದ ಬೇಸಿಗೆಯಲ್ಲಿ ಕೊಪ್ಪಳ ತಾಲ್ಲೂಕಿನ ಎರೆ ಹೊಲವೊಂದರ ಎರಡು ಎಕರೆ ಡ್ರಿಪ್ ಮೆಣಸಿನಕಾಯಿಗೆ ದಿನದ ನೀರಿನ ಲೆಕ್ಕ ಕೊಡುವ ಹೊಣೆ ನನ್ನದಾಗಿತ್ತು. ಮಾರ್ಚ್ ಕೊನೆಗೆ ಬೆಳಿಗ್ಗೆ 8.30ರ ಪ್ಯಾನ್ ರೀಡಿಂಗ್, ಅಂದರೆ ತೆರೆದ ತೊಟ್ಟಿಯಿಂದ ಒಂದು ದಿನದಲ್ಲಿ ಆವಿಯಾದ ನೀರಿನ ಅಳತೆ, 9 ಮಿ.ಮೀ. ಮುಟ್ಟಿದಾಗ ಅದನ್ನು ಪ್ಯಾನ್ ಗುಣಕ 0.7ರಿಂದಲೂ ಕಾಯಿ ಹಂತದ ಕೆಸಿ (ಬೆಳೆ ಗುಣಕ) 1.05ರಿಂದಲೂ ಗುಣಿಸಿ, ಬೆಳೆಗೆ ದಿನಕ್ಕೆ ಬೇಕಾದ ನೀರು ಸುಮಾರು 6.6 ಮಿ.ಮೀ. ಎಂದು ಬರೆದುಕೊಟ್ಟೆ.

ವಾರದೊಳಗೆ ರೈತರು ಫೋನ್ ಮಾಡಿ, ಮಧ್ಯಾಹ್ನ ಎಲೆ ಜೋತು ಬೀಳುತ್ತಿದೆ ಎಂದರು. ಆ ಬಿಸಿಲಿಗೆ ಬಾಯಾರಿಕೆಯಲ್ಲದೆ ಬೇರೆ ಕಾರಣ ನನಗೆ ತೋಚಲಿಲ್ಲ. ಹೊಲಕ್ಕೆ ಹೋಗದೆಯೇ ವಾಲ್ವ್ ಸಮಯವನ್ನು ಐದನೇ ಒಂದು ಭಾಗದಷ್ಟು ಹೆಚ್ಚಿಸಲು ಹೇಳಿದೆ. ನಾಲ್ಕು ದಿನಗಳ ನಂತರ ಹೋದಾಗ ಅವರು ಮಾತನಾಡದೆ ಸಲಿಕೆಯನ್ನು ನನ್ನ ಕೈಗಿತ್ತರು. ಮೇಲಿನ ಮಣ್ಣು ಒಣಗಿ ಬಿರಿದಿದ್ದರಿಂದ ನನ್ನ ಊಹೆಯೇ ಸರಿಯೆಂದು ಕ್ಷಣಕಾಲ ಅನ್ನಿಸಿತು. ಒಂದು ಗೇಣು ಅಗೆಯುವಷ್ಟರಲ್ಲಿ ಮಣ್ಣು ಸಲಿಕೆಗೆ ಅಂಟತೊಡಗಿತು. ಇನ್ನೊಂದು ಗೇಣಿಗೆ ಕೊಳೆತ ವಾಸನೆ ಬಂತು, ಬೇರಿನ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಗಾಳಿಯಿಲ್ಲದೆ ಉಸಿರುಗಟ್ಟಿದ ಬೇರು ನೀರು ಹೀರಲಾರದೆ ಗಿಡ ಬಾಡಿತ್ತು, ನಾನು ಅದಕ್ಕೆ ಮತ್ತಷ್ಟು ನೀರು ಕುಡಿಸಿದ್ದೆ. ಆ ಗುಂಡಿಯ ಪಕ್ಕದಲ್ಲಿ ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ.

ಮರಳುವಾಗ ಪ್ಯಾನ್ ಇರುವ ಜಾಗಕ್ಕೆ ಹೋದೆ. ಸುತ್ತಲಿನ ಕಡಲೆ ಫೆಬ್ರವರಿಯಲ್ಲೇ ಕೊಯ್ಲಾಗಿ, ನೂರಾರು ಮೀಟರ್ ಬರಿ ರೆಂಟೆ ಹೊಡೆದ ನೆಲವಿತ್ತು. ಅಂಥ ಒಣ ನೆಲದ ಮೇಲೆ ಹಾದು ಬರುವ ಬಿಸಿಗಾಳಿ ತೊಟ್ಟಿಯ ನೀರನ್ನು ಬೆಳೆಗಿಂತ ಬಹಳ ವೇಗವಾಗಿ ಹೀರುತ್ತದೆ. ಬೆಳೆಯ ನೀರಿನ ಲೆಕ್ಕಕ್ಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ತಂದ ಕೈಪಿಡಿ ಎಫ್‌ಎಒ 56ರ ಕೋಷ್ಟಕದಲ್ಲಿ ಇಂಥ ಜಾಗಕ್ಕೆ, ಕಡಿಮೆ ತೇವಾಂಶ ಮತ್ತು ಮಧ್ಯಮ ಗಾಳಿಯಿರುವಾಗ, ಪ್ಯಾನ್ ಗುಣಕ 0.5ರ ಆಸುಪಾಸಿಗೆ ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿದ್ದರೆ 4.7 ಮಿ.ಮೀ. ಸಾಕಿತ್ತು; ಫೋನಿನಲ್ಲಿ ಹೆಚ್ಚಿಸಿದ್ದನ್ನು ಬಿಟ್ಟರೂ ಎಕರೆಗೆ ದಿನಕ್ಕೆ ಏಳು ಸಾವಿರ ಲೀಟರಿಗೂ ಮಿಕ್ಕಿ ವ್ಯರ್ಥ ನೀರು ಕೊಟ್ಟಂತಾಗಿತ್ತು. ಆ ಕೋಷ್ಟಕವನ್ನು ನಾನು ಓದಿದವನೇ. ಆದರೂ ಜನವರಿಯಲ್ಲಿ ಪ್ಯಾನ್ ಸುತ್ತ ಕಡಲೆ ಹಸಿರಾಗಿದ್ದಾಗ ನೋಡಿದ್ದೇ ಕೊನೆ, ಮತ್ತೆ ಅತ್ತ ಹೋಗಿರಲಿಲ್ಲ.

ನಮ್ಮ ಕಚೇರಿಯ ಲೆಕ್ಕದ ಶೀಟಿನಲ್ಲಿ 0.7ರ ಕೋಶಕ್ಕೆ ಬೀಗ ಹಾಕಲಾಗಿದೆ. ಋತುವಿಗೆ ತಕ್ಕಂತೆ ಅದನ್ನು ಬದಲಿಸಲು ಬಿಡಿ ಎಂದು ಮೇಲಿನವರಿಗೆ ಎರಡು ಸಲ ಬರೆದಿದ್ದೇನೆ. ಎಲ್ಲ ತಾಲ್ಲೂಕಿಗೂ ಒಂದೇ ಲೆಕ್ಕವಿರಬೇಕೆಂಬ ಉತ್ತರ ಬಂದಿದೆ. ಈಗ ನಾನು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಗುಣಿಸುತ್ತೇನೆ, ವಾರಕ್ಕೊಮ್ಮೆ ಬೇರಿನ ಆಳಕ್ಕೆ ಆಗರ್ (ಮಣ್ಣು ತೆಗೆಯುವ ಬೈರಿಗೆ) ಇಳಿಸಿ ಮಣ್ಣನ್ನು ಅಂಗೈಯಲ್ಲಿ ಹಿಡಿದು ನೋಡುತ್ತೇನೆ. ಆ ಹೊಲದ ತಗ್ಗಿನ ಬದಿಯ ಸಾಲುಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ.